ಕುಳ್ಳನ ಬಂಡವಾಳ

ಕುರುಬರಹಳ್ಳಿಯಲ್ಲಿ ನಮ್ಮ ಮನೆಯ ಮಹಡಿಯ ಮೇಲೆ ಬಾಡಿಗೆಗೆ ಇರುವ ಸಂಸಾರದ ಹಿರಿಯ ಮಗ ಇಂಜಿನಿಯರು. ವಾರದ ಐದು ದಿನ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುತ್ತಾನೆ. ಶನಿವಾರ ಸಂಜೆ ಊರಿನ ಇನ್ನೊಂದು ತುದಿಯ ಯಾವುದೋ ಕಾಫಿ ಅಂಗಡಿಗೆ ಹೋಗಿ, ಕೈಯಲ್ಲಿ ಮೈಕು ಹಿಡಿದು ನಿಂತು, ಐವತ್ತು ಅರವತ್ತು ಜನರನ್ನು ನಗಿಸಿ ಬರುತ್ತಾನೆ. ಇದಕ್ಕೆ ಸ್ಟ್ಯಾಂಡ್‌ಅಪ್ ಕಾಮೆಡಿ ಎಂದು ಹೆಸರಂತೆ. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ನಮ್ಮ ಪೈಪ್‌ಲೈನ್ ರಸ್ತೆಯ ಗುಂಡಿಗಳು, ನೀರಿನ ಟ್ಯಾಂಕರು, ತನ್ನ ದಪ್ಪ ಕನ್ನಡಕ, ತನಗೆ ಹೆಣ್ಣು ಸಿಕ್ಕದಿರುವುದು, ಇವೆಲ್ಲ ಅವನ ಹಾಸ್ಯದ ಸಾಮಗ್ರಿ. ಬಾಡಿಗೆ ಹೆಚ್ಚಿಸುವ ಮನೆಯ ಮಾಲೀಕನೊಬ್ಬನ ಪ್ರಸಂಗವೂ ಬಂದಿತು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ, ಬೇರೆ ದಾರಿಯಿರಲಿಲ್ಲ.

ಈಗ ಆ ಹುಡುಗ ಕೆಲಸ ಬಿಟ್ಟು ಸಿನಿಮಾ ಮಾಡುತ್ತೇನೆಂದು ಹೊರಟಿದ್ದಾನೆ. ಕತೆ ಅವನದೇ, ದಿಗ್ದರ್ಶನ ಅವನದೇ, ಉಳಿತಾಯದ ಹಣವೂ ಅವನದೇ. ಅವನ ತಂದೆ ಕಳೆದ ತಿಂಗಳು ಬಾಡಿಗೆ ಕೊಡಲು ಬಂದವರು ಕುರ್ಚಿಯ ತುದಿಯಲ್ಲಿ ಕುಳಿತು, "ನೀವು ಪತ್ರಿಕೆಗೆ ಬರೆಯುವವರು, ನಿಮ್ಮ ಮಾತು ಕೇಳುತ್ತಾನೆ. ನಗಿಸುವುದು ಬೇರೆ, ಸಿನಿಮಾ ಮಾಡುವುದು ಬೇರೆ ಎಂದು ಸ್ವಲ್ಪ ತಿಳಿಯಹೇಳಿ" ಎಂದರು. ತಿಳಿಯಹೇಳಬೇಕಾದರೆ ಮೊದಲು ನನಗೆ ತಿಳಿದಿರಬೇಕಲ್ಲ! ನಗಿಸುವವರು ಸಿನಿಮಾ ಮಾಡಿದರೆ ಏನಾಗುತ್ತದೆ? ನಮ್ಮಲ್ಲಿ ಯಾರು ಹಾಗೆ ಮಾಡಿದ್ದಾರೆ? ಹೀಗೆ ಹುಡುಕುತ್ತ ಹೋದಾಗ ಮನಸ್ಸು ಬಂದು ನಿಂತದ್ದು ದ್ವಾರಕೀಶರ ಮುಂದೆ. ಕಳೆದ ಕೆಲವು ವಾರ ಅವರ ಚಿತ್ರಗಳನ್ನು ಒಂದರ ಮೇಲೊಂದು ಮತ್ತೆ ನೋಡಿದೆ. ಹಿಂದೆ ನೋಡಿದಾಗ ನಕ್ಕು ಎದ್ದು ಬಂದಿದ್ದವನು ಈ ಸಲ ಹಾಗೆ ಏಳಲಾಗಲಿಲ್ಲ.

ದ್ವಾರಕೀಶರು ಮೈಕು ಹಿಡಿದು ಒಂಟಿಯಾಗಿ ನಿಂತು ನಗಿಸಿದವರಲ್ಲ ಎಂಬ ಆಕ್ಷೇಪವನ್ನು ಮೊದಲೇ ಒಪ್ಪಿಬಿಡುತ್ತೇನೆ. ಆ ವಿದ್ಯೆಗೆ ನಮ್ಮಲ್ಲಿ ಹತ್ತಿರವಾಗಿದ್ದುದು ಹಿರಣ್ಣಯ್ಯನವರ ಮನೆತನ. ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದ ನಡುವೆ ಪಾತ್ರದ ಗೆರೆ ದಾಟಿ ಮುಂದೆ ಬಂದು, ಅಂದಿನ ಪತ್ರಿಕೆಯ ಸುದ್ದಿಯನ್ನೇ ಹಿಡಿದು ಸಭಿಕರೊಡನೆ ಮಾತಿಗೆ ನಿಲ್ಲುತ್ತಿದ್ದುದನ್ನು ಕಂಡವರು ಇಂದಿನ ಸ್ಟ್ಯಾಂಡ್‌ಅಪ್ಪನ್ನು ಹೊಸದೆಂದು ಒಪ್ಪುವುದಿಲ್ಲ. ಅವರ ತಂದೆ ಕೆ. ಹಿರಣ್ಣಯ್ಯನವರಂತೂ 1943ರಲ್ಲಿಯೇ ಪಿಟೀಲು ಚೌಡಯ್ಯನವರ 'ವಾಣಿ' ಚಿತ್ರವನ್ನು ದಿಗ್ದರ್ಶಿಸಿದರು. ನಾಟಕದ ನಗೆಗಾರ ಕ್ಯಾಮೆರಾದ ಹಿಂದೆ ನಿಂತುದಕ್ಕೆ ಕನ್ನಡದಲ್ಲಿ ಅಷ್ಟು ಹಳೆಯ ನಿದರ್ಶನವಿದೆ. ಆದರೆ ಹಿರಣ್ಣಯ್ಯನವರ ಮನೆ ರಂಗಮಂದಿರವೇ; ಸಿನಿಮಾ ಅವರಿಗೆ ನೆಂಟರ ಊರು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಕನ್ನಡ ಚಲಚ್ಚಿತ್ರ ಮದರಾಸಿನಲ್ಲಿ ಬಾಡಿಗೆಗೆ ಬದುಕುತ್ತಿದ್ದ ಕಾಲದಲ್ಲಿ ಅದಕ್ಕಾಗಿ ಕೈಯಿಂದ ಹಣ ಹಾಕಿದವರಲ್ಲಿ ಹಾಸ್ಯನಟರು ಮುಂದಿದ್ದರು. 1960ರ 'ರಣಧೀರ ಕಂಠೀರವ'ವನ್ನು ಕಲಾವಿದರೇ ಕೂಡಿ ತೆಗೆದಾಗ ರಾಜಕುಮಾರ್ ಮತ್ತು ಜಿ. ವಿ. ಅಯ್ಯರ್ ಜೊತೆಗೆ ಹೆಗಲು ಕೊಟ್ಟವರು ನರಸಿಂಹರಾಜು ಮತ್ತು ಬಾಲಕೃಷ್ಣ. ನರಸಿಂಹರಾಜು ಅವರು 1974ರಲ್ಲಿ 'ಪ್ರೊಫೆಸರ್ ಹುಚ್ಚೂರಾಯ'ವನ್ನು ತಾವೇ ನಿರ್ಮಿಸಿದರು. ಬಾಲಕೃಷ್ಣರಂತೂ ಕಿವಿ ಸರಿಯಾಗಿ ಕೇಳದ ಮನುಷ್ಯ. ಎದುರಿನವರ ತುಟಿ ನೋಡಿ ಮಾತಿಗೆ ಮಾತು ಕೊಡುತ್ತಿದ್ದರು. ಆದರೂ ಕೆಂಗೇರಿ ಹೋಬಳಿಯ ಮೈಲಸಂದ್ರದಲ್ಲಿ ಸರಕಾರ ಕೊಟ್ಟ 20 ಎಕರೆ ನೆಲದ ಮೇಲೆ 'ಅಭಿಮಾನ್ ಸ್ಟುಡಿಯೋ' ಕಟ್ಟಲು ಹೊರಟರು. ಕಟ್ಟಿದ್ದು ಕನಸಿನಷ್ಟು ದೊಡ್ಡದಾಗಲಿಲ್ಲ. 1995ರಲ್ಲಿ ಅವರು ತೀರಿಕೊಂಡರು. 2009ರ ಡಿಸೆಂಬರಿನಲ್ಲಿ ವಿಷ್ಣುವರ್ಧನರ ಅಂತ್ಯಸಂಸ್ಕಾರ ನಡೆದುದು ಆ ನೆಲದಲ್ಲಿಯೇ; ಅಲ್ಲಿದ್ದ ಸಮಾಧಿಯನ್ನು 2025ರ ಆಗಸ್ಟಿನಲ್ಲಿ ನೆಲಸಮ ಮಾಡಲಾಯಿತು. ಹಾಸ್ಯನಟನೊಬ್ಬನ ಕನಸಿನ ನೆಲಕ್ಕೆ ನಾಯಕನಟನೊಬ್ಬನ ಬೂದಿ ಸೇರಿ, ಕಡೆಗೆ ಎರಡೂ ವ್ಯಾಜ್ಯದ ಕಾಗದಗಳ ನಡುವೆ ಸಿಕ್ಕಿಕೊಂಡವು. ನಮ್ಮ ಕುರುಬರಹಳ್ಳಿಯಿಂದ ಕಂಠೀರವ ಸ್ಟುಡಿಯೋ ಹತ್ತಿರ. 2006ರಿಂದ ರಾಜಕುಮಾರ್ ಅಲ್ಲಿ ಮಲಗಿದ್ದಾರೆ, ದಿನವೂ ಹೂವಿನ ಹಾರ ಬೀಳುತ್ತದೆ. ಕೆಂಗೇರಿಯ ಕಡೆ ಹೋದಾಗಲೆಲ್ಲ ನನಗೆ ಈ ಎರಡು ಸ್ಟುಡಿಯೋಗಳ ನಡುವಣ ದೂರ ಕಿಲೋಮೀಟರಿನಲ್ಲಿ ಅಳೆಯುವಂಥದಲ್ಲ ಎನಿಸುತ್ತದೆ.

ಇಂಥ ಪರಂಪರೆಗೆ ಸೇರಿದವರು ದ್ವಾರಕೀಶ್. 1942ರ ಆಗಸ್ಟ್ 19ರಂದು ಹುಣಸೂರಿನಲ್ಲಿ ಜನನ, ಬೆಳೆದುದು ಮೈಸೂರಿನಲ್ಲಿ. ಮೆಕ್ಯಾನಿಕಲ್ ಇಂಜಿನಿಯರಿಂಗಿನ ಡಿಪ್ಲೊಮಾ ಮುಗಿಸಿ, ಸೋದರನೊಡನೆ ಮೋಟಾರು ಬಿಡಿಭಾಗಗಳ ಅಂಗಡಿ ತೆರೆದಿದ್ದರು. (ಮಹಡಿಯ ಮೇಲಿನ ಹುಡುಗನ ತಂದೆ ಇದನ್ನು ಗಮನಿಸಬೇಕು: ಇಂಜಿನಿಯರಿಂಗು ಬಿಟ್ಟು ಬಂದವರಲ್ಲಿ ಅವರ ಮಗ ಮೊದಲನೆಯವನಲ್ಲ.) ಹುಣಸೂರು ಕೃಷ್ಣಮೂರ್ತಿ ಅವರಿಗೆ ಸೋದರಮಾವ, ಆ ಬಂಧುತ್ವದ ಬಾಗಿಲಿನಿಂದಲೇ 1964ರ 'ವೀರ ಸಂಕಲ್ಪ'ಕ್ಕೆ ಪ್ರವೇಶ. ಎರಡು ವರ್ಷವಾಗುವಷ್ಟರಲ್ಲಿ, 1966ರಲ್ಲಿ, ಗೆಳೆಯರೊಡನೆ ಕೂಡಿ 'ಮಮತೆಯ ಬಂಧನ'ಕ್ಕೆ ನಿರ್ಮಾಪಕರಾದರು. ನಟನಾಗಿ ಇನ್ನೂ ಹೆಸರೇ ಮಾಡದವನು ನಿರ್ಮಾಪಕನಾಗುವುದು ವಿಚಿತ್ರ. ಆದರೆ ಆ ಎತ್ತರದ, ಆ ಮುಖದ ಮನುಷ್ಯನಿಗೆ ಚಿತ್ರರಂಗ ಏನು ಕೊಡುತ್ತದೆ, ಎಷ್ಟು ಕೊಡುತ್ತದೆ ಎಂಬುದನ್ನು ಅವರು ಬೇಗನೆ ಲೆಕ್ಕ ಹಾಕಿರಬೇಕು. ಅಂಗಡಿಯ ಗಲ್ಲದ ಮೇಲೆ ಕುಳಿತವರಿಗೆ ಲೆಕ್ಕ ಬೇಗ ಬರುತ್ತದೆ.

'ಕುಳ್ಳ' ಎಂಬ ಮಾತನ್ನು ಸ್ವಲ್ಪ ಯೋಚಿಸಿ ನೋಡಿ. ಶಾಲೆಯ ಬಯಲಿನಲ್ಲಿ ಹುಡುಗರು ಎಸೆಯುವ ಕಲ್ಲು ಅದು. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆಮನೆಯಲ್ಲಿ ಬೆನ್ನ ಹಿಂದೆ ಕೇಳುವ ಮಾತು. ದ್ವಾರಕೀಶರು ಆ ಕಲ್ಲನ್ನು ಎತ್ತಿಕೊಂಡು ತಮ್ಮ ಅಂಗಡಿಯ ಬೋರ್ಡಿಗೇ ಕೂಡಿಸಿಬಿಟ್ಟರು. 'ಕುಳ್ಳ ಏಜೆಂಟ್ 000', 'ಕಳ್ಳ ಕುಳ್ಳ', 'ಸಿಂಗಾಪುರದಲ್ಲಿ ರಾಜಾ ಕುಳ್ಳ', 'ಪ್ರಚಂಡ ಕುಳ್ಳ': ಚಿತ್ರದ ಹೆಸರಿನಲ್ಲಿಯೇ ತಮ್ಮ ದೇಹದ ಅಳತೆ ಬರೆಸಿದ ನಟ ಬೇರೆ ಯಾವ ಭಾಷೆಯಲ್ಲಿ ಇದ್ದಾನೆಯೋ ನಾನರಿಯೆ. ಪ್ರೇಕ್ಷಕ ನಗುವ ಮೊದಲೇ ತಾನೇ ಹೇಳಿಬಿಟ್ಟರೆ ಆ ನಗೆಯ ಯಜಮಾನಿಕೆ ತನ್ನದಾಗುತ್ತದೆ. ಟಿಕೆಟ್ಟಿನ ಹಣವೂ ತನ್ನ ಗಲ್ಲಕ್ಕೆ ಬೀಳುತ್ತದೆ. ಕನ್ನಡಕದ ಹುಡುಗ ಕಾಫಿ ಅಂಗಡಿಯಲ್ಲಿ ಮಾಡುವುದೂ ಇದನ್ನೇ. ಒಂದು ವ್ಯತ್ಯಾಸವುಂಟು. ಅವನು ಕನ್ನಡಕವನ್ನು ಬಿಚ್ಚಿಡಬಲ್ಲ.

ಅವರ ಆರಂಭದ ಅಭಿನಯವನ್ನು ನಾನು ಬಹಳ ಮೆಚ್ಚುವವನಲ್ಲ. ಕಣ್ಣು ಅರಳಿಸುವುದು, ಮಾತನ್ನು ಉಸಿರು ಬಿಡದೆ ಸುರಿಯುವುದು, ಪುಟ್ಟ ಹೆಜ್ಜೆಗಳ ಓಟ, ಇವು ಮೂರು ನಾಲ್ಕು ಚಿತ್ರಗಳಲ್ಲಿ ಮುಗಿದುಹೋಗುವ ಸರಕು. ನರಸಿಂಹರಾಜು ಸುಮ್ಮನೆ ನಿಂತರೂ ಮುಖದಲ್ಲಿ ಒಂದು ಪೇಚು ಮೂಡುತ್ತಿತ್ತು. ದ್ವಾರಕೀಶರಿಗೆ ಸುಮ್ಮನೆ ನಿಲ್ಲುವ ಧೈರ್ಯವಿರಲಿಲ್ಲ. ಬಾಲಕೃಷ್ಣರ ಮಾತಿನಲ್ಲಿದ್ದ ವಿಷ ಮತ್ತು ಬೆಲ್ಲದ ಬೆರಕೆಯೂ ಅವರಲ್ಲಿಲ್ಲ. ಆದರೆ ಅವರಲ್ಲೊಂದು ಗುಣ ಉಳಿದಿಬ್ಬರಿಗಿಂತ ಹೆಚ್ಚು: ಸಣ್ಣ ಮನುಷ್ಯನ ದರ್ಪ. ತನಗಿಂತ ಒಂದು ಮೊಳ ಎತ್ತರವಿದ್ದವನನ್ನು ಕತ್ತೆತ್ತಿ ಗದರಿಸುವಾಗ ಅವರ ಕುತ್ತಿಗೆಯ ನರ ಬಿಗಿಯುತ್ತದೆ. ನಾವು ನಗುತ್ತೇವೆ, ಆದರೆ ಆ ಸಿಟ್ಟು ಸುಳ್ಳಲ್ಲ ಎಂಬ ಸಂದೇಹ ನಮ್ಮನ್ನು ಬಿಡುವುದಿಲ್ಲ.

ನಿರ್ಮಾಪಕನಾಗಿ ಅವರ ಕಣ್ಣು ನಟನಾಗಿ ಇದ್ದುದಕ್ಕಿಂತ ಚುರುಕು. 1969ರಲ್ಲಿ, 30 ತುಂಬುವ ಮೊದಲೇ, ಸ್ವಂತವಾಗಿ 'ಮೇಯರ್ ಮುತ್ತಣ್ಣ' ತೆಗೆದರು. ರಾಜಕುಮಾರ್, ಭಾರತಿಯವರನ್ನು ಮುಂದಿಟ್ಟುಕೊಂಡು ದಿಗ್ದರ್ಶನದ ಹೊಣೆಯನ್ನು ಕೊಟ್ಟಿದ್ದು ಅದುವರೆಗೆ ಒಂದು ಚಿತ್ರವನ್ನೂ ದಿಗ್ದರ್ಶಿಸದ ಸಿದ್ಧಲಿಂಗಯ್ಯನವರಿಗೆ. ಮೂರೇ ವರ್ಷಗಳಲ್ಲಿ ಅದೇ ಸಿದ್ಧಲಿಂಗಯ್ಯ 'ಬಂಗಾರದ ಮನುಷ್ಯ' ಮಾಡಿದರು. 1977ರ 'ಭಾಗ್ಯವಂತರು' ಚಿತ್ರದಿಂದ ಭಾರ್ಗವರಿಗೆ ಸ್ವತಂತ್ರ ದಿಗ್ದರ್ಶನದ ಬಾಗಿಲು ತೆರೆಯಿತು. ಮುಂದೆ ವಿನೋದ್ ರಾಜ್, ಶ್ರುತಿ ಮೊದಲಾದ ಹೊಸ ಮುಖಗಳು ಬಂದವು. ತನ್ನನ್ನು ಯಾರೂ ನಾಯಕನೆಂದು ಒಪ್ಪಲಾರರು ಎಂದು ಬಲ್ಲವನು ಇನ್ನೊಬ್ಬರೊಳಗಿನ ನಾಯಕನನ್ನು ಬೇಗ ಗುರುತಿಸುತ್ತಾನೆಯೇ? ಇರಬಹುದು.

1972ರ 'ಕುಳ್ಳ ಏಜೆಂಟ್ 000' ಇಂದಿಗೂ ನೋಡಬಹುದಾದ ಚಿತ್ರ. ಕೆ. ಎಸ್. ಎಲ್. ಸ್ವಾಮಿಯವರ ದಿಗ್ದರ್ಶನ. ಜೇಮ್ಸ್ ಬಾಂಡನಿಗೆ ಎರಡು ಸೊನ್ನೆಯ ಮುಂದೆ ಏಳಾದರೂ ಉಂಟು. ನಮ್ಮ ಏಜೆಂಟನಿಗೆ ಮೂರೂ ಸೊನ್ನೆ. ಈ ಅಣಕದಲ್ಲಿ ಚಿತ್ರದ ತಿರುಳೆಲ್ಲ ಇದೆ. ಬಾಂಡ್ ಚಿತ್ರಗಳ ವೈಭವಕ್ಕೆ ಬೇಕಾದ ಹಣ ನಮ್ಮಲ್ಲಿಲ್ಲ. ಎತ್ತರ, ಮೈಕಟ್ಟು ಇಲ್ಲ. ಇಲ್ಲ ಎಂಬುದನ್ನೇ ಇದೆ ಎಂದು ತೋರಿಸಿ ನಗೋಣ, ಬನ್ನಿ, ಎಂದು ಕರೆದಂತಿದೆ. ರಾಜನ್-ನಾಗೇಂದ್ರರ ಸಂಗೀತದಲ್ಲಿ ಕುಳ್ಳನಿಗೆ ಕೊರಳು ಕೊಟ್ಟವರು ಕಿಶೋರ್ ಕುಮಾರ್. ಅವರು ಕನ್ನಡದಲ್ಲಿ ಹಾಡಿದ ಹಾಡು ಅದೊಂದೇ. ಈ ಕಿಶೋರರ ವಿಷಯಕ್ಕೆ ಮತ್ತೆ ಬರುತ್ತೇನೆ.

ಆಮೇಲೆ ವಿಷ್ಣುವರ್ಧನರ ಜೊತೆ. 'ಕಳ್ಳ ಕುಳ್ಳ' 1975ರಲ್ಲಿ, 'ಕಿಟ್ಟು ಪುಟ್ಟು' 1977ರಲ್ಲಿ, 'ಸಿಂಗಾಪುರದಲ್ಲಿ ರಾಜಾ ಕುಳ್ಳ' 1978ರಲ್ಲಿ. ಕನ್ನಡ ಚಿತ್ರವೊಂದು ಹೊರದೇಶದ ಬೀದಿಗಳಲ್ಲಿ ಅಷ್ಟು ಧಾರಾಳವಾಗಿ ಓಡಾಡಿದ್ದು ಈ ಕೊನೆಯದರಲ್ಲಿಯೇ ಮೊದಲು. ಸಿಂಗಪುರದ ಕಟ್ಟಡಗಳನ್ನು ನೋಡಲು ಜನ ನುಗ್ಗಿದರು ಎನ್ನುವುದು ನಿಜವಾದರೂ, ಇಂದು ಆ ಕಟ್ಟಡಗಳು ಯಾರಿಗೂ ಬೇಡ, ಉಳಿದಿರುವುದು ಜೋಡಿ. ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯುವುದು ಛಾಯಾಗ್ರಾಹಕನಿಗೆ ಪೀಕಲಾಟ. ವಿಷ್ಣುವರ್ಧನರ ಮುಖಕ್ಕೆ ಕ್ಯಾಮೆರಾ ಹಿಡಿದರೆ ಕೆಳಗೆ ದ್ವಾರಕೀಶರ ತಲೆಗೂದಲು ಮಾತ್ರ. ಇವರ ಮುಖಕ್ಕೆ ಇಳಿಸಿದರೆ ಅವರ ಅಂಗಿಯ ಗುಂಡಿ. ಆದ್ದರಿಂದ ಒಬ್ಬರು ಕೂರಬೇಕು, ಇಲ್ಲವೆ ಬಾಗಬೇಕು, ಇಲ್ಲವೆ ಕ್ಯಾಮೆರಾ ಹಿಂದೆ ಸರಿದು ಇಬ್ಬರಿಗೂ ಜಾಗ ಕೊಡಬೇಕು. ನಾಯಕನಟನಿಗೆ ಮೀಸಲಾದ ಹತ್ತಿರದ ನೋಟ ಕಡಿಮೆಯಾಗಿ, ನಾಯಕನೂ ವಿದೂಷಕನೂ ಸರಿಸಮನಾಗಿ ನಿಂತ ದೂರದ ನೋಟ ಹೆಚ್ಚುತ್ತದೆ. ಹಾಸ್ಯನಟ ಹಣ ಹಾಕಿದ ಚಿತ್ರಕ್ಕೆ ಇದು ಬಯಸದೆ ಬಂದ ಭಾಗ್ಯ. ಗೆಳೆತನ ಎನ್ನುವುದು ಆ ಚಿತ್ರಗಳಲ್ಲಿ ಸಂಭಾಷಣೆಯಿಂದ ಬಂದುದಲ್ಲ, ಈ ನಿಲುವಿನಿಂದ ಬಂದದ್ದು. ತೆರೆಯ ಹೊರಗೆ ಆ ಗೆಳೆತನ ಹಲವು ಸಲ ಮುರಿದು ಹಲವು ಸಲ ಕೂಡಿತು. ಆ ಕತೆ ಬಹಳ ಜನ ಹೇಳಿದ್ದಾರೆ, ನಾನು ಬಿಟ್ಟುಬಿಡುತ್ತೇನೆ.

1981ರ 'ಗುರು ಶಿಷ್ಯರು' ನನ್ನ ಮಟ್ಟಿಗೆ ಅವರ ಸಂಸ್ಥೆಯ ಹಾಸ್ಯಚಿತ್ರಗಳಲ್ಲಿ ಎಲ್ಲಕ್ಕಿಂತ ಮೇಲು. ದಿಗ್ದರ್ಶನ ಭಾರ್ಗವರದು. ಪೆದ್ದ ಶಿಷ್ಯರ ಗುಂಪೊಂದು ಗುರುವಿನ ಪ್ರಾಣ ಹಿಂಡುವ ಹಳೆಯ ಜನಪದ ಹಾಸ್ಯ. ಇಲ್ಲಿ ನಿರ್ಮಾಪಕ ದ್ವಾರಕೀಶರು ನಟ ದ್ವಾರಕೀಶರನ್ನು ಗುಂಪಿನಲ್ಲಿ ಒಬ್ಬರನ್ನಾಗಿ ನಿಲ್ಲಿಸಿದರು. ಹಾಸ್ಯನಟನಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ: ಪಕ್ಕದವನಿಗೆ ನಗೆ ಬರುತ್ತಿರುವಾಗ ಕೈಕಟ್ಟಿ ನಿಲ್ಲುವುದು. ಆ ಚಿತ್ರದ ನಗೆಯಲ್ಲಿ ಯಾರ ದೇಹವನ್ನೂ ಹೀಯಾಳಿಸಬೇಕಾಗಿಲ್ಲ. ಮಾತನ್ನು ಅಕ್ಷರಶಃ ತೆಗೆದುಕೊಳ್ಳುವ ಮುಗ್ಧತೆ ಮಾತ್ರ ಸಾಕು. ಮನೆಮಂದಿಯೆಲ್ಲ ಕೂತು ನೋಡಿದಾಗ ಏಳು ವರ್ಷದವನೂ ಎಪ್ಪತ್ತರವರೂ ಒಂದೇ ಜಾಗದಲ್ಲಿ ನಗುವುದನ್ನು ಈ ಸಲವೂ ಕಂಡೆ.

ಇಷ್ಟೆಲ್ಲ ನಗಿಸಿದ ಮೇಲೆ, ನಲವತ್ತು ದಾಟಿದ ಮನುಷ್ಯ, 1985ರಲ್ಲಿ ಸ್ವತಃ ದಿಗ್ದರ್ಶಕನ ಕುರ್ಚಿಯಲ್ಲಿ ಕುಳಿತು ಯಾವ ಚಿತ್ರ ಮಾಡಿದರು? 'ನೀ ಬರೆದ ಕಾದಂಬರಿ'. ಕಣ್ಣೀರಿನ ಚಿತ್ರ! ಬಡವ ಹುಡುಗ, ಸಿರಿವಂತರ ಮಗಳು, ಮದುವೆ, ಹಣದ ಗರ್ವ, ಅಗಲಿಕೆ. ವಿಷ್ಣುವರ್ಧನ್, ಭವ್ಯಾ ನಾಯಕ ನಾಯಕಿಯರು. ಹಿಂದಿಯ 'ಪ್ಯಾರ್ ಝುಕತಾ ನಹೀಂ' ಅದಕ್ಕೆ ಮೂಲ. ಮರುವರ್ಷ ಅದೇ ಕತೆಯನ್ನು ತಮಿಳಿನಲ್ಲಿ ರಜನೀಕಾಂತ್, ಶ್ರೀದೇವಿಯವರನ್ನಿಟ್ಟು 'ನಾನ್ ಅಡಿಮೈ ಇಲ್ಲೈ' ಎಂದು ತಾವೇ ಮತ್ತೊಮ್ಮೆ ಮಾಡಿದರು. ನಗಿಸಿ ಹೆಸರಾದವನು ಅಳಿಸಲು ಹೊರಟಿದ್ದೇಕೆ?

ಈ ಪ್ರಶ್ನೆ ದ್ವಾರಕೀಶರೊಬ್ಬರದಲ್ಲ. ಚಾಪ್ಲಿನ್ 1923ರಲ್ಲಿ 'ಎ ವುಮನ್ ಆಫ್ ಪ್ಯಾರಿಸ್' ಎಂಬ ಗಂಭೀರ ಚಿತ್ರ ತೆಗೆದು, ತಾವು ಅದರಲ್ಲಿ ಪೆಟ್ಟಿಗೆ ಹೊರುವ ಕೂಲಿಯಾಗಿ ಒಂದು ಕ್ಷಣ ಮಾತ್ರ ಕಾಣಿಸಿಕೊಂಡರು. ಚಾಪ್ಲಿನ್ನನ ಮೀಸೆ ನೋಡಲು ಬಂದವರು ಬೇಸರಪಟ್ಟು ಎದ್ದರು. ನಮ್ಮ ಕುಳ್ಳನಿಗೆ ಹಾಡಿದ ಕಿಶೋರ್ ಕುಮಾರ್, ತೆರೆಯ ಮೇಲೆ ಹುಚ್ಚಾಟಕ್ಕೆ ಹೆಸರಾದವರು, 1964ರಲ್ಲಿ ತಾವೇ ಹಣ ಹಾಕಿ ದಿಗ್ದರ್ಶಿಸಿದ 'ದೂರ್ ಗಗನ್ ಕೀ ಛಾಂವ್ ಮೇಂ' ಚಿತ್ರದಲ್ಲಿ ಮನೆಮಂದಿಯನ್ನು ಬೆಂಕಿಗೆ ಕಳೆದುಕೊಂಡು ಮೂಗ ಮಗನೊಡನೆ ಅಲೆಯುವ ಸಿಪಾಯಿ. ಅಮೆರಿಕದ ವುಡಿ ಅಲೆನ್ ನಿಜವಾಗಿಯೂ ಮೈಕಿನ ಮುಂದೆ ನಿಂತು ನಗಿಸುತ್ತಿದ್ದವರು. 1978ರಲ್ಲಿ ಒಂದು ನಗೆಯೂ ಇಲ್ಲದ 'ಇಂಟೀರಿಯರ್ಸ್' ಮಾಡಿದರು, ಅದರಲ್ಲಿ ತಾವು ಕಾಣಿಸಿಕೊಳ್ಳಲೂ ಇಲ್ಲ. ನಾಲ್ವರಲ್ಲಿಯೂ ಒಂದೇ ಹಂಬಲ: ನನ್ನನ್ನು ನೋಡಿ ನಕ್ಕಿರಿ, ಈಗ ನನ್ನ ಕೈಯಿಂದ ಆದುದನ್ನು ನೋಡಿ ಅತ್ತು ತೋರಿಸಿ. ರಸಗಳಲ್ಲಿ ಹಾಸ್ಯಕ್ಕೆ ಕೆಳಗಿನ ಮಣೆ ಹಾಕಿದವರು ಪ್ರೇಕ್ಷಕರಲ್ಲ, ಪಂಡಿತರೂ ಅಲ್ಲ, ಹಾಸ್ಯಗಾರರೇ ಎಂದು ನನಗೆ ಒಮ್ಮೊಮ್ಮೆ ಅನಿಸುವುದುಂಟು.

ಆದರೂ 'ನೀ ಬರೆದ ಕಾದಂಬರಿ'ಯನ್ನು ತಳ್ಳಿಹಾಕುವಂತಿಲ್ಲ. ಅದರಲ್ಲಿ ಹಾಸ್ಯನಟನ ಕಿವಿ ಕೆಲಸ ಮಾಡಿದೆ. ಯಾವ ಮಾತಿನ ಮೇಲೆ ಜನ ನಕ್ಕಾರು, ನಕ್ಕ ಮೇಲೆ ಎಷ್ಟು ಹೊತ್ತು ತಡೆಯಬೇಕು ಎಂಬುದು ನಗಿಸುವವನ ವಿದ್ಯೆಯ ಅರ್ಧಭಾಗ. ಆ ತಡೆಯನ್ನೇ ದ್ವಾರಕೀಶರು ದುಃಖಕ್ಕೆ ಬಳಸಿದರು. ಅಳು ಕಟ್ಟೆಯೊಡೆಯುವ ಘಟ್ಟದಲ್ಲಿ ದೃಶ್ಯ ಕಡಿದು ಹಾಡಿಗೆ ಹೋಗುತ್ತಾರೆ; ಪ್ರೇಕ್ಷಕನ ಗಂಟಲಲ್ಲಿ ಉಳಿದದ್ದು ಮುಂದಿನ ದೃಶ್ಯದಲ್ಲಿ ಕೆಳಗಿಳಿಯುತ್ತದೆ. 1990ರ 'ಶ್ರುತಿ'ಯಲ್ಲಿ ಈ ಹಿಡಿತ ಇನ್ನೂ ಹಸನಾಗಿದೆ. ತಮಿಳಿನ 'ಪುದು ವಸಂತಂ' ಅದರ ಮೂಲ. ಗೆಳೆಯರ ಗುಂಪಿಗೆ ಬಂದು ಸೇರುವ ಒಂಟಿ ಹುಡುಗಿಯ ಕತೆಯಲ್ಲಿ ದಿಗ್ದರ್ಶಕ ತನ್ನನ್ನು ಪೂರ್ತಿ ಮರೆತು ಹೊಸಬರ ಮುಖಗಳ ಮೇಲೆ ನಂಬಿಕೆ ಇಟ್ಟಿದ್ದಾರೆ. ಪ್ರಿಯದರ್ಶಿನಿ ಎಂಬ ಹುಡುಗಿಗೆ ಆ ಚಿತ್ರದ ಹೆಸರೇ ಬಾಳಿಗೆ ಅಂಟಿತು. ಇದಕ್ಕೆ ಹೋಲಿಸಿದರೆ 1993ರ 'ರಾಯರು ಬಂದರು ಮಾವನ ಮನೆಗೆ' ತೆಳು. ಮಲಯಾಳದ 'ಚಿತ್ರಂ' ನೋಡಿದವರಿಗಂತೂ ಇನ್ನೂ ತೆಳು.

ನನ್ನ ದೂರು ಬೇರೆ. ಮೇಲೆ ಹೆಸರಿಸಿದ ಮೂರೂ ಇನ್ನೊಂದು ಭಾಷೆಯಲ್ಲಿ ಗೆದ್ದ ಕತೆಗಳು. ವ್ಯಾಪಾರ ಬಲ್ಲವನು ಒಮ್ಮೆ ಓಡಿದ ಗಾಡಿಯ ಬಿಡಿಭಾಗವನ್ನೇ ಕೊಳ್ಳುತ್ತಾನೆ. ಅದು ತಪ್ಪೆಂದು ಹೇಳಲು ನಾನು ಯಾರು? ಆದರೆ ಅವರೊಬ್ಬರೇ ಹೇಳಬಹುದಾಗಿದ್ದ ಒಂದು ಕತೆ ಇತ್ತು. ಇಂಜಿನಿಯರಿಂಗು ಕಲಿತು ಅಂಗಡಿಯ ಗಲ್ಲದ ಹಿಂದೆ ಕುಳಿತ ಒಬ್ಬ ಗಿಡ್ಡ ಹುಡುಗ, ಎದುರಿನ ಗೋಡೆಯ ಸಿನಿಮಾ ಪೋಸ್ಟರ್ ನೋಡುತ್ತಾನೆ. ಕನ್ನಡಿ ನೋಡಿಕೊಳ್ಳುತ್ತಾನೆ. ಹೋಗುತ್ತಾನೆ. ಜನರು ನಗುತ್ತಾರೆ. ನಗೆಯನ್ನು ಕೂಡಿಟ್ಟು ನಾಯಕರನ್ನು ಕೊಳ್ಳುತ್ತಾನೆ. ಈ ಚಿತ್ರವನ್ನು ದ್ವಾರಕೀಶರು ಮಾಡಲಿಲ್ಲ. 'ಕುಳ್ಳ' ಎಂದು ಹೆಸರಿಟ್ಟು ನಗಿಸಿದರು, 'ಕುಳ್ಳ' ಎಂದಾಗ ಒಳಗೆ ಏನಾಯಿತೆಂದು ಒಂದು ರೀಲಿನಲ್ಲಿಯೂ ತೋರಿಸಲಿಲ್ಲ. ಅಳಿಸಬೇಕೆನಿಸಿದಾಗ ಎತ್ತರದ ಸುಂದರ ನಾಯಕನ ಕಣ್ಣಿನಿಂದ ಅಳಿಸಿದರು. ಚಾಪ್ಲಿನ್ 'ಎ ವುಮನ್ ಆಫ್ ಪ್ಯಾರಿಸ್'ನ ಸೋಲಿನಿಂದ ಹಿಂದಿರುಗಿ, 1931ರಲ್ಲಿ 'ಸಿಟಿ ಲೈಟ್ಸ್' ಮಾಡಿದಾಗ ಹರಕು ಕೋಟಿನ ಅದೇ ಅಲೆಮಾರಿಯ ಮುಖದಲ್ಲಿಯೇ ನಗೆಯನ್ನೂ ಅಳುವನ್ನೂ ಒಟ್ಟಿಗೆ ಇಟ್ಟರು. ನಮ್ಮವರು ಆ ತಿರುವಿನವರೆಗೆ ಬಂದು ಇನ್ನೊಂದು ದಾರಿ ಹಿಡಿದರು. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ಕಳಕೊಂಡದ್ದು ನಾವು, ಅದಕ್ಕೆ ಬರೆಯುತ್ತಿದ್ದೇನೆ.

ಸಾಹಸದಲ್ಲಿ ಮಾತ್ರ ಅವರು ಜಿಪುಣರಲ್ಲ. 1986ರಲ್ಲಿ 'ಆಫ್ರಿಕದಲ್ಲಿ ಶೀಲಾ' ಎಂದು ಹೊರಟರು. ಬಪ್ಪಿ ಲಾಹಿರಿಯವರ ಸಂಗೀತ, ಚರಣ್ ರಾಜ್ ನಾಯಕ, ಕನ್ನಡ ಕ್ಯಾಮೆರಾ ಆಫ್ರಿಕದ ಕಾಡಿಗೆ. ಕಾಡಿನಲ್ಲಿ ಬೆಳೆದ ಸುಂದರಿಯ ಕತೆ ಪಾಶ್ಚಾತ್ಯರಿಂದ ಕಡ ತಂದದ್ದು. ಅಲ್ಲಿನ ಜನರನ್ನು ಹಿನ್ನೆಲೆಯ ಗಿಡಮರಗಳಂತೆ ನೋಡುವ ಅವರ ಕೆಟ್ಟ ಅಭ್ಯಾಸವೂ ಅದರೊಡನೆ ಬಂದಿತು. ತನ್ನ ಮೈಯನ್ನು ನೋಡಿ ಜನ ನಗುವುದರ ಬೆಲೆ ಬಲ್ಲವರು ಇಲ್ಲಿ ಎಚ್ಚರ ತಪ್ಪಬಾರದಿತ್ತು. ಅಲ್ಲಿಂದ ಮುಂದೆ 1987ರ 'ಡಾನ್ಸ್ ರಾಜಾ ಡಾನ್ಸ್'ನಂಥ ಗೆಲುವುಗಳ ನಡುವೆ ಸೋಲುಗಳು ಸಾಲುಗಟ್ಟಿದವು. ಚಿತ್ರಕ್ಕಾಗಿ ಮನೆಗಳನ್ನು ಮಾರಿದುದನ್ನು ಅವರು ಸಂದರ್ಶನಗಳಲ್ಲಿ ಎಂದೂ ಮುಚ್ಚಿಡಲಿಲ್ಲ. ಅದನ್ನೂ ಒಂದು ಹಾಸ್ಯಪ್ರಸಂಗದಂತೆಯೇ ಹೇಳುತ್ತಿದ್ದರು. ನೋಡಿ, ಕಡೆಗೆ ಇಲ್ಲಿ ಅವರು ನಿಜವಾದ ಸ್ಟ್ಯಾಂಡ್‌ಅಪ್ ಕಲಾವಿದರಾದರು. ಎದುರಿಗೆ ಒಂದು ಮೈಕು, ಹಿಂದೆ ಬರಿಗೋಡೆ, ಹೇಳುವುದು ತನ್ನದೇ ಸೋಲು, ಕೇಳುವವರು ಹೊಟ್ಟೆ ಹಿಡಿದು ನಗುವುದು. ತೆರೆಯ ಮೇಲೆ ಮಾಡದಿದ್ದ ಆ ಚಿತ್ರದ ಚೂರುಗಳು ಈ ಸಂದರ್ಶನಗಳಲ್ಲಿ ಅಲ್ಲಲ್ಲಿ ಸಿಕ್ಕುತ್ತವೆ.

2004ರಲ್ಲಿ 'ಆಪ್ತಮಿತ್ರ' ಬಂತು. ಪಿ. ವಾಸು ದಿಗ್ದರ್ಶನ, ಮಲಯಾಳದ 1993ರ 'ಮಣಿಚಿತ್ರತ್ತಾಳ್' ಮೂಲ. ವಿಷ್ಣುವರ್ಧನ್, ರಮೇಶ್, ಪ್ರೇಮಾ, ಮತ್ತು ಸೌಂದರ್ಯ. ಚಿತ್ರ ಬಿಡುಗಡೆಯಾಗುವ ಮೊದಲೇ, ಏಪ್ರಿಲಿನಲ್ಲಿ, ವಿಮಾನ ದುರಂತದಲ್ಲಿ ಸೌಂದರ್ಯ ತೀರಿಕೊಂಡಿದ್ದರು. ಅವರ ನಾಗವಲ್ಲಿಯನ್ನು ನೋಡಲು ವರ್ಷವಿಡೀ ಜನ ಬಂದರು. 60 ದಾಟಿದ ದ್ವಾರಕೀಶರು ಮತ್ತೆ ನಿರ್ಮಾಪಕರಾಗಿ ತಲೆಯೆತ್ತಿ ನಿಂತರು. ಆ ಚಿತ್ರದಲ್ಲಿ ಅವರದೂ ಒಂದು ಹಾಸ್ಯದ ಪಾತ್ರವಿದೆ. ಹೆದರಿ ಓಡುವ ಮುದುಕನ ಆ ಪುಟ್ಟ ಹೆಜ್ಜೆಗಳು ಹಳೆಯವೇ. ಆದರೆ ಈಗ ಅವುಗಳಲ್ಲಿ ಅವಸರವಿಲ್ಲ. ನಲವತ್ತು ವರ್ಷಗಳ ಮೇಲೆ ಅವರಿಗೆ ಸುಮ್ಮನೆ ನಿಲ್ಲಲು ಬಂದಿತ್ತು. ಒಂದು ದೃಶ್ಯದಲ್ಲಿ ಬೇರೆಯವರು ಮಾತಾಡುತ್ತಿರುವಾಗ ಅವರನ್ನು ಮಾತ್ರ ನೋಡಿ. ನಾನು ಹೇಳುವುದು ಗೊತ್ತಾಗುತ್ತದೆ. 2017ರ 'ಚೌಕ' ಅವರ ಸಂಸ್ಥೆಯ 50ನೆಯ ಚಿತ್ರ. ಆ ಹೊತ್ತಿಗೆ ಹೊಣೆ ಮಗನ ಕೈಗೆ ಬಂದಿತ್ತು. ಪತ್ನಿ ಅಂಬುಜಾ ಅವರು ತೀರಿಕೊಂಡದ್ದು 2021ರ ಏಪ್ರಿಲ್ 16. ಮೂರು ವರ್ಷದ ಮೇಲೆ, 2024ರಲ್ಲಿ, ಅದೇ ಏಪ್ರಿಲ್ 16ರಂದು ದ್ವಾರಕೀಶರೂ ಹೊರಟರು.

ಇದನ್ನೆಲ್ಲ ಹೋದ ಭಾನುವಾರ ಮಹಡಿಯ ಹುಡುಗನಿಗೆ ಹೇಳಿದೆ. ಬಾಲಕೃಷ್ಣರ 20 ಎಕರೆ, ಆಫ್ರಿಕದ ಕಾಡು, ಮಾರಿದ ಮನೆಗಳು, ಏನನ್ನೂ ಬಿಡಲಿಲ್ಲ. ಅವನ ತಂದೆಗೆ ಕೊಟ್ಟ ಮಾತಿಗಾಗಿ ನಷ್ಟದ ಭಾಗವನ್ನು ಸ್ವಲ್ಪ ದೀರ್ಘವಾಗಿಯೇ ಹೇಳಿದೆನೆಂದು ಒಪ್ಪುತ್ತೇನೆ. ಅವನು ಕನ್ನಡಕ ಒರೆಸಿಕೊಳ್ಳುತ್ತ ಎಲ್ಲ ಕೇಳಿ, "ಹಾಗಾದರೆ ಸರ್, ಅವರಿಗೆ ಮಾರಲು ಮನೆಗಳಾದರೂ ಇದ್ದವು" ಎಂದ. ನಾನು ನಕ್ಕೆ. ಅವನು ನಗಲಿಲ್ಲ. ಆಮೇಲೆ ತನ್ನ ಚಿತ್ರದ ಕತೆ ಹೇಳಿದ: ಪ್ರೇಮಕಥೆಯಂತೆ, ನಾಯಕನಾಗಿ ಎತ್ತರದ ಹುಡುಗನೊಬ್ಬ ಬೇಕಂತೆ, ಹುಡುಕುತ್ತಿದ್ದಾನಂತೆ.

"ಕನ್ನಡಕದವನು ಏಕೆ ಆಗಬಾರದು?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಜನ ನಕ್ಕುಬಿಡುತ್ತಾರೆ ಸರ್" ಎಂದ.

ಐದನೆಯ ತಾರೀಖು ಹತ್ತಿರ ಬಂದಿದೆ. ಬಾಡಿಗೆ ಕೊಡಲು ಅವನ ತಂದೆ ಬರುತ್ತಾರೆ, ಏನಾಯಿತೆಂದು ಕೇಳುತ್ತಾರೆ. ಏನು ಹೇಳುವುದೆಂದು ಇನ್ನೂ ತೋಚಿಲ್ಲ.